ಹದಿನೇಳರ ಮಗ್ಗಿ

ಬಾಯಾರು ತೀರಿಕೊಂಡ ಸುದ್ದಿ ನನಗೆ ವಾಡಿ ಸ್ಟೇಷನ್ನಿನಲ್ಲಿ ಸಿಕ್ಕಿತು. ಆ ಹೊತ್ತಿಗೆ ನಾನು ಕೆಲಸ ಬಿಟ್ಟಿದ್ದೆ. ಬೆಳಿಗ್ಗೆ ಎದ್ದು ಸ್ಟೇಷನ್ನಿಗೆ ಹೋಗಿ ಪೇಪರ್ ಕೊಂಡು, ಯಾವ ಗಾಡಿ ಬಂತು ಯಾವುದು ಹೋಯಿತು ಎಂದು ನೋಡಿಕೊಂಡು ಮನೆಗೆ ಮರಳುವುದಷ್ಟೇ ಉಳಿದಿತ್ತು. ಸೇಡಂನ ಔಷಧಿ ಅಂಗಡಿಯವನೊಬ್ಬ ಗಾಡಿ ಇಳಿದವನು ನನ್ನನ್ನು ಕಂಡು ನೇರ ಹತ್ತಿರ ಬಂದ. "ಡಾಕ್ಟ್ರ, ನಿಮ್ಮ ಬಾಯಾರು ಹೋದ್ರರಿ, ಇವತ್ತು ನಸಿಕಿನ್ಯಾಗ," ಎಂದ. ನಾನು ಮನೆಗೆ ಹೋಗದೆ ಮುಂದಿನ ಪ್ಯಾಸೆಂಜರಿಗೆ ಸೇಡಂಗೆ ಹೊರಟೆ. ದಾರಿಯುದ್ದಕ್ಕೂ ಆ 'ನಿಮ್ಮ ಬಾಯಾರು' ಎಂಬ ಮಾತು ಕುಟುಕುತ್ತಿತ್ತು. ಬಾಯಾರು ಎಂದರೆ ನಮ್ಮ ಕಡೆ ಹೆಂಗಸರ ಡಾಕ್ಟರಮ್ಮ. ಅರ್ಧ ಊರಿನ ಹೆರಿಗೆ ಮಾಡಿಸಿದವರು ಅವರು. ಆದರೂ ಸೇಡಂನಲ್ಲಿ ಯಾರೂ ಅವರನ್ನು 'ನಮ್ಮ ಬಾಯಾರು' ಎಂದದ್ದನ್ನು ನಾನು ಕೇಳಿರಲಿಲ್ಲ.

ಮನೆಯ ಅಂಗಳದಲ್ಲಿ ನಾಲ್ಕು ಜನ ಇದ್ದರು. ಬಾಯಾರ ತಮ್ಮನ ಮಕ್ಕಳಿಬ್ಬರು, ಗುಡಿಯ ಅರ್ಚಕರು, ಹಳೆಯ ಕಂಪೌಂಡರ್. ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ. ಈ ಊರಿಗೆ ಉಪಕಾರದ ನೆನಪಿಲ್ಲ ಎಂದು ಗೊಣಗುತ್ತ ಬಾಗಿಲಿಗೆ ಬಂದು ನಿಂತಾಗ ಓಣಿ ಕಾಣಿಸಿತು. ಕಾಯಿಪಲ್ಲೆ ಗಾಡಿಯ ಹತ್ತಿರ ಒಬ್ಬ ಹೆಂಗಸು ಏನನ್ನೂ ಕೊಳ್ಳದೆ ನಿಂತಿದ್ದಳು. ಗುಡಿಯ ಮೆಟ್ಟಿಲ ಮೇಲೆ ಒಬ್ಬಳು. ಬೇವಿನ ಗಿಡದ ಕೆಳಗೆ ಮಗುವನ್ನು ಬಗಲಲ್ಲಿ ಇಟ್ಟುಕೊಂಡವಳು ಇನ್ನೊಬ್ಬಳು. ಟೇಲರ್ ಅಂಗಡಿಯ ಬಾಗಿಲಲ್ಲಿ ಬುರ್ಖಾ ಹಾಕಿದವರಿಬ್ಬರು. ಓಣಿ ತಿರುಗುವ ತನಕ ಹೀಗೆ ಒಬ್ಬೊಬ್ಬರಾಗಿ ನಿಂತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹೆಣ ಹೊರಗೆ ಬಂದಾಗ ಎಲ್ಲರೂ ತಲೆಯ ಮೇಲಿನ ಸೆರಗನ್ನೋ ಬುರ್ಖಾವನ್ನೋ ಎಳೆದುಕೊಂಡರು. ಆಮೇಲೆ ತಮ್ಮ ತಮ್ಮ ದಾರಿ ಹಿಡಿದರು. ಅವರಲ್ಲಿ ಕೆಲವರು ನನಗೆ ಗೊತ್ತು, ನಾನೂ ಅವರಿಗೆ ಗೊತ್ತು. ನಾವು ಯಾರೂ ಅದನ್ನು ತೋರಿಸಿಕೊಳ್ಳಲಿಲ್ಲ. ಬಾಯಾರ ಪದ್ಧತಿಯೇ ಹಾಗಿತ್ತು.

ಆ ಪದ್ಧತಿಯನ್ನು ಮೊದಲು ಹೇಳಿಬಿಡುತ್ತೇನೆ. ಬಾಯಾರು ತಮ್ಮ ನರ್ಸಿಂಗ್ ಹೋಮಿನ ಹೊರಗೆ ಯಾವ ರೋಗಿಯ ಗುರುತನ್ನೂ ಹಿಡಿಯುತ್ತಿರಲಿಲ್ಲ. ಬಜಾರಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಎದುರಿಗೆ ಬಂದವಳ ಹೊಟ್ಟೆಯನ್ನು ನಿನ್ನೆ ತಾನೇ ಹೊಲಿದಿದ್ದರೂ ಮುಖ ನೋಡುತ್ತಿರಲಿಲ್ಲ. ಹೆಂಗಸರ ಡಾಕ್ಟರ್ ಆದವರು ಯಾವಳೋ ಸೊಸೆಯನ್ನು ಓಣಿಯಲ್ಲಿ ನಿಲ್ಲಿಸಿ 'ಹ್ಯಾಂಗಿದ್ದೀಯವ್ವಾ' ಎಂದು ಕೇಳಿದರೆ ಸಾಕು, ಸಂಜೆಯೊಳಗೆ ಅವಳ ಅತ್ತೆಗೆ ನೂರು ಪ್ರಶ್ನೆ ಹುಟ್ಟುತ್ತವೆ. ಇವಳಿಗೆ ಏನಾಗಿತ್ತು, ಯಾಕೆ ಹೋಗಿದ್ದಳು, ಬಸಿರೇ, ಬಸಿರಿಲ್ಲವೇ. ಇದು ಬಾಯಾರಿಗೆ ಗೊತ್ತಿತ್ತು. ಆದ್ದರಿಂದ ನೆಲ ನೋಡಿಕೊಂಡು ನಡೆಯುವುದನ್ನು ರೂಢಿ ಮಾಡಿಕೊಂಡಿದ್ದರು. ಊರು ಇದಕ್ಕೆ ತನ್ನದೇ ಅರ್ಥ ಕಟ್ಟಿತು. "ಸೊಕ್ಕಿನ ಬಾಯಿ" ಎಂದು ಹೆಸರಿಟ್ಟಿತು. ನಾನು ಒಮ್ಮೆ ಅದನ್ನು ಅವರಿಗೇ ಹೇಳಿದೆ.

"ಅನ್ಲಿ ಬಿಡ್ರಿ," ಎಂದರು. "ಅವರ ಸಂಸಾರ ಸುಸೂತ್ರ ನಡೀಬೇಕಂದ್ರ ನನ್ನ ಸೊಕ್ಕು ಅಷ್ಟು ಇರ್ಲಿಕ್ಕೇ ಬೇಕು."

ತಮ್ಮ ಮಾತಿಗೆ ತಾವೇ ನಕ್ಕರು. ಒಂದು ಊರಿನಲ್ಲಿ ಇಷ್ಟು ವರ್ಷ ಇದ್ದು ದಾರಿಯಲ್ಲಿ ಯಾರೊಬ್ಬರ ಹತ್ತಿರವೂ ನಿಂತು ಮಾತಾಡದೆ ಇರುವುದು ಹೇಗಿರುತ್ತದೆ ಎಂದು ನಾನು ಯೋಚಿಸಿದ್ದು ನನಗೂ ಅಂಥ ದಿನಗಳು ಬಂದ ಮೇಲೆ.

ಅವರದು ಕುಳ್ಳ ದೇಹ, ದಪ್ಪ ಕನ್ನಡಕ, ನೂಲಿನ ಸೀರೆ. ವೈಷ್ಣವರ ಮನೆ. ತಂದೆ ಗುಡಿಯ ಪೂಜೆ ಮಾಡಿಕೊಂಡೇ ಮಗಳನ್ನು ಡಾಕ್ಟರ್ ಓದಿಸಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ನೋಡ್ಲಿಕ್ಕೆ ಬಂದಾಗೆಲ್ಲ ನನಗ ಡ್ಯೂಟಿ ಇತ್ರಿ," ಎನ್ನುತ್ತಿದ್ದರು. ತಂದೆ ತಾಯಿ ಹೋದ ಮೇಲೆ ಆ ಮನೆಯಲ್ಲಿ ಒಬ್ಬರೇ. ಬೇಸಿಗೆಯಲ್ಲಿ ಒಳಕೋಣೆಯ ಫರ್ಸಿ ಕಲ್ಲಿನ ನೆಲದ ಮೇಲೆ ನೀರು ಚಿಮುಕಿಸಿ, ಚಾಪೆಯನ್ನೂ ಹಾಸದೆ ಮಲಗುತ್ತಿದ್ದರು. ಏಕಾದಶಿಗೆ ನೀರೂ ಮುಟ್ಟುತ್ತಿರಲಿಲ್ಲ. ಆ ದಿನವೂ ಆಪರೇಷನ್ ಇದ್ದರೆ ಮಾಡುತ್ತಿದ್ದರು.

ನನ್ನದು ಅರಿವಳಿಕೆಯ ಕೆಲಸ. ನಮ್ಮ ಕಡೆ ಮಂದಿ 'ಬೇಹೋಶ್ ಡಾಕ್ಟರ್' ಅನ್ನುತ್ತಾರೆ. ತೊಂಬತ್ತರ ದಶಕದಲ್ಲಿ ಈ ಸೀಮೆಯ ಸಣ್ಣ ಆಸ್ಪತ್ರೆಗಳಲ್ಲಿ ಇಂಥವರನ್ನು ಕಾಯಂ ಇಟ್ಟುಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ನಾನು ವಾಡಿಯಲ್ಲಿ ಮನೆ ಮಾಡಿಕೊಂಡು, ಚರ್ಮದ ಚೀಲದಲ್ಲಿ ಔಷಧಿ, ಕೊಳವೆ ತುಂಬಿಕೊಂಡು ಗಾಡಿ ಹತ್ತುತ್ತಿದ್ದೆ. ಇವತ್ತು ಶಹಾಬಾದ, ನಾಳೆ ಚಿತ್ತಾಪುರ, ನಾಡಿದ್ದು ಸೇಡಂ, ಕರೆ ಬಂದರೆ ಬಸ್ಸಿನಲ್ಲಿ ಚಿಂಚೋಳಿ. ಮರಳುವ ಗಾಡಿ ತಪ್ಪಿದರೆ ಊಟ ತಪ್ಪಿದಂತೆ. ಹೀಗಾಗಿ ನಿಧಾನವಾಗಿ ಕೆಲಸ ಮಾಡುವ ಸರ್ಜನ್ ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಡೀ ಸೀಮೆಯಲ್ಲಿ ಎಲ್ಲರಿಗಿಂತ ನಿಧಾನದವರು ಈ ಬಾಯಾರು.

ಅವರ ಜೊತೆ ನನ್ನ ಮೊದಲ ಜಗಳ ಒಂದು ಕಪ್ಪಾದ ಅಂಡಾಶಯದ ಮೇಲೆ ಆಯಿತು.

ಗರ್ಭಚೀಲದ ಎರಡೂ ಬದಿಗೆ ಒಂದೊಂದು ಅಂಡಾಶಯ, ತೊಟ್ಟಿಗೆ ಕಾಯಿ ಜೋತಂತೆ ಇರುತ್ತದೆ. ಕೆಲವೊಮ್ಮೆ ಅದು ತನ್ನ ತೊಟ್ಟಿನ ಮೇಲೆಯೇ ತಿರುಚಿಕೊಳ್ಳುತ್ತದೆ. ಒಳಗೆ ಹೋದ ರಕ್ತ ಹೊರಗೆ ಬರುವ ದಾರಿ ಮೊದಲು ಮುಚ್ಚುತ್ತದೆ, ಆಮೇಲೆ ಒಳಗೆ ಹೋಗುವ ದಾರಿ. ಹುಡುಗಿ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಾಳೆ. ತೆರೆದು ನೋಡಿದರೆ ಅದು ಊದಿ, ನೀಲಿಗಟ್ಟಿ, ಕಪ್ಪಾಗಿರುತ್ತದೆ. ಆಗಿನ ಕಾಲಕ್ಕೆ ನಮಗೆಲ್ಲ ಕಲಿಸಿದ್ದು ಒಂದೇ: ಕಪ್ಪಾಗಿದ್ದರೆ ಸತ್ತಿದೆ, ತಿರುಚಿದ್ದನ್ನು ಬಿಚ್ಚಲೇಬೇಡಿ, ಬಿಚ್ಚಿದರೆ ಅಲ್ಲಿ ಹೆಪ್ಪುಗಟ್ಟಿದ ರಕ್ತ ಹೊರಟು ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ. ತೊಟ್ಟನ್ನು ಕಟ್ಟಿ, ಕತ್ತರಿಸಿ, ತೆಗೆದುಬಿಡಿ.

ಬಾಯಾರು ಆ ದಿನ ಅದನ್ನು ಬಿಚ್ಚತೊಡಗಿದರು. ನಾನು ರೋಗಿಯ ತಲೆಯ ಹತ್ತಿರ ಕೂತವನು ಎದ್ದು ನಿಂತೆ. ಶ್ವಾಸಕೋಶಕ್ಕೆ ಏನಾದರೂ ಹೋದರೆ ಎದುರಿಸಬೇಕಾದವನು ನಾನು.

"ಬಾಯಾರ, ಏನು ಮಾಡ್ಲಿಕತ್ತೀರಿ?"

"ಬಿಚ್ಚಲಿಕತ್ತೀನ್ರಿ."

"ಅದು ಸತ್ತದ."

"ಸತ್ತೀನಂತ ಅದು ಹೇಳ್ತೇನ್ರಿ? ನೀವು ಹೇಳ್ಲಿಕತ್ತೀರಿ," ಎಂದರು, ತಲೆ ಎತ್ತದೆ.

ಬಿಚ್ಚುವುದಾದರೆ ಸರಕ್ಕನೆ ಬಿಚ್ಚಿ ಮುಗಿಸಬೇಕಲ್ಲ, ಅದೂ ಇಲ್ಲ. ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದರು. ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆಯನ್ನು ಹೊದಿಸಿದರು. ಉಳಿದ ಸುತ್ತನ್ನು ಬಿಚ್ಚಿ, ತೊಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಗೂರಕ್ಕೆ ಹಿಡಿದರು. ತುಸು ಬಿಟ್ಟರು, ಮತ್ತೆ ಹಿಡಿದರು. ಮತ್ತೆ ಬಿಟ್ಟರು. ಅಷ್ಟು ಹೊತ್ತೂ ಮಾಸ್ಕಿನ ಕೆಳಗೆ ತುಟಿ ಅಲ್ಲಾಡುತ್ತಿತ್ತು. ಗುಡಿ ಮನೆತನದವರು, ದೇವರ ಸ್ತೋತ್ರ ಹೇಳುತ್ತಿದ್ದಾರೆ ಎಂದುಕೊಂಡೆ. ನನ್ನ ಗಾಡಿಯ ಹೊತ್ತಾಯಿತು, ಗಾಡಿ ಹೋಯಿತು ಕೂಡ. ಕೊನೆಗೆ ಅವರು ಬಟ್ಟೆ ತೆಗೆದಾಗ ಅದರ ಅಂಚಿನಲ್ಲಿ ಒಂದು ಕಡೆ ಕಪ್ಪು ಹರಿದು ಕೆಂಪು ಬಣ್ಣ ಕಾಣಿಸಿತ್ತು, ಉಳಿದದ್ದು ಹಾಗೆಯೇ ಇತ್ತು. ಅಷ್ಟನ್ನೇ ನೋಡಿ ಅವರು ಹೊಟ್ಟೆ ಹೊಲಿದರು.

ಚಹಾ ಕುಡಿಯುವಾಗ ನಾನು ಮುಖ ಗಂಟು ಹಾಕಿಕೊಂಡೇ ಕೇಳಿದೆ. "ಯಾವ ದೇವ್ರ ನಾಮ ಹೇಳ್ಲಿಕತ್ತಿದ್ರಿ? ಮುಗೀಲೇ ಒಲ್ಲದು."

"ದೇವ್ರ ನಾಮ ಅಲ್ರಿ. ಮಗ್ಗಿ. ಹದಿನೇಳರ ಮಗ್ಗಿ."

ನಾನು ಕಪ್ಪನ್ನು ಕೆಳಗಿಟ್ಟೆ.

"ದೇವ್ರ ಹೆಸರು ನನಗ ಸಣ್ಣಾಕಿ ಇದ್ದಾಗಿಂದ ಬಾಯಿಪಾಠ, ಲಗೂ ಲಗೂ ಮುಗಿಸಿಬಿಡ್ತೀನಿ. ಹದಿನೇಳರ ಮಗ್ಗಿ ಲಗೂ ಹೇಳಾಕ ಬರಂಗಿಲ್ಲ. ಅದು ಮುಗಿಯೂತನ ಕೈ ತಡೀತದ."

ಆಮೇಲೆ ಕಾರಣ ಹೇಳಿದರು. ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಎಲ್ಲರೂ ನಿರ್ಜಲ ಏಕಾದಶಿ ಮಾಡಿದ್ದರಂತೆ, ಬೇಸಿಗೆಯಲ್ಲಿ. ತಮ್ಮ ತಾನೂ ಮಾಡುತ್ತೇನೆಂದು ಹಟ ಹಿಡಿದು ಮಾಡಿದ. ಮರುದಿನ ದ್ವಾದಶಿಯ ಪಾರಣೆಗೆ, ಉಪವಾಸ ಬಿಡುವುದಕ್ಕೆ, ಒಂದು ಕ್ರಮ ಇದೆ. ಮೊದಲು ಒಂದು ಉದ್ಧರಣೆ ತೀರ್ಥ, ತುಳಸಿ ಎಲೆ. ತಡೆದು ನೆಲ್ಲಿಕಾಯಿ. ಆಮೇಲೆ ಹೆಸರುಬೇಳೆ ಹಾಕಿದ ಮೆತ್ತನೆಯ ಅನ್ನ. ಹುಳಿ ಇಲ್ಲ, ಖಾರ ಇಲ್ಲ. ತಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿಯದು. ಹಂಡೆಗೆ ಬಾಯಿ ಹಚ್ಚಿ ಗಟಗಟ ಕುಡಿದ. ಉಪವಾಸವಿಡೀ ನೆಟ್ಟಗಿದ್ದ ಹುಡುಗ ಪಾರಣೆಯ ದಿನ ನೆಲಕ್ಕೆ ಬಿದ್ದು ಹೊರಳಾಡಿದ.

"ರಕ್ತ ನಿಂತಾಗಿಂದ ಉಪವಾಸ ಇದ್ದ ಅಂಡಾಶಯನೂ ಹಂಗ ನೋಡ್ರಿ," ಎಂದರು. "ಹೊಳ್ಳಿ ಬರೂ ರಕ್ತ ಒಮ್ಮೆಲೆ ನುಗ್ಗಿತಂದ್ರ ಅದರೊಳಗಿನ ಆಕ್ಸಿಜನ್ನೇ ಅದನ್ನ ಸುಡ್ತದ. ತಿರುಚಿದಾಗ ಉಳಕೊಂಡಿದ್ದು ಬಿಚ್ಚಿದಾಗ ಸಾಯ್ತದ. ಅದಕ್ಕ ಸಾವಕಾಶ ಪಾರಣಿ ಮಾಡಸ್ತೀನಿ."

ಅಂದಿನಿಂದ ಆ ಥಿಯೇಟರಿನಲ್ಲಿ ಅದಕ್ಕೆ ಪಾರಣೆ ಎಂದೇ ಹೆಸರಾಯಿತು. "ಸಿಸ್ಟರ್, ಬಿಸಿ ಸಲೈನ್ ತರ್ರಿ, ಪಾರಣಿ ಅದ," ಎನ್ನುವರು. ಒಮ್ಮೆ ನನ್ನ ಕೆಲಸಕ್ಕೂ ಕೈ ಹಾಕಲು ಬಂದರು. "ಡಾಕ್ಟ್ರ, ನಾ ಬಿಚ್ಚೂ ಮುಂದ ನೀವು ಆಕ್ಸಿಜನ್ ಭಾಳ ಕೊಡಬ್ಯಾಡ್ರಿ," ಎಂದರು. ತಲೆಯ ಕಡೆಯ ರಾಜ್ಯ ನನ್ನದು, ಹೊಟ್ಟೆಯ ಕಡೆಯದು ನಿಮ್ಮದು, ಗಡಿ ದಾಟಬೇಡಿ ಎಂದು ಹೇಳಿದೆ. ಅವರು ಒಪ್ಪಿದರು. ಆದರೆ ಪ್ರತಿ ಸಲವೂ ನನ್ನ ಸಿಲಿಂಡರಿನ ಕಡೆ ಒಂದು ಸಂಶಯದ ನೋಟ ಬೀರುವುದನ್ನು ಬಿಡಲಿಲ್ಲ.

ಈಗ ಕಾಲ ಬದಲಾಗಿದೆ. ಕಪ್ಪಾದದ್ದೆಲ್ಲ ಸತ್ತಿರುವುದಿಲ್ಲ, ಬಿಚ್ಚಿ ಉಳಿಸಿ ಎಂದು ಈಗಿನ ಹುಡುಗರಿಗೆ ಕಲಿಸುತ್ತಾರೆ. ಮರಳುವ ರಕ್ತದಿಂದ ಆಗುವ ಹಾನಿಯನ್ನು ತಡೆಯುವುದು ಹೇಗೆ ಎಂಬುದು ಮಾತ್ರ ಇನ್ನೂ ಇಲಿಗಳ ಮೇಲೆ ನಡೆಯುತ್ತಿರುವ ಪ್ರಯೋಗ. ಬಾಯಾರಿಗೂ ಇದು ಗೊತ್ತಿತ್ತು. ಹೈದರಾಬಾದಿಗೆ ಹೋದಾಗ ಅಲ್ಲಿಯ ಲೈಬ್ರರಿಯಲ್ಲಿ ಕೂತು ಓದಿ ಬರುತ್ತಿದ್ದರು. ತಮ್ಮ ಪಾರಣೆಯ ಬಗ್ಗೆ ಅವರಿಗೆ ನನಗಿಂತ ಹೆಚ್ಚಿನ ಅನುಮಾನವಿತ್ತು.

"ಪುರಾವೆ ಎಲ್ಲದ್ರಿ?" ಎಂದು ಒಮ್ಮೆ ತಾವೇ ಕೇಳಿದರು. "ನಾ ಉಳಿಸಿದ ಹುಡುಗ್ಯಾರು ಲಗ್ನ ಆದ್ರು, ಹಡದ್ರು. ಖರೆ. ಆದ್ರ ಎಲ್ಲಾರಿಗೂ ಇನ್ನೊಂದು ಕಡೆ ಚೊಲೋ ಅಂಡಾಶಯ ಇತ್ತಲ್ಲ. ಕೂಸು ಅದರಿಂದ ಬಂತೋ, ನಾ ಉಳಿಸಿದ್ದರಿಂದ ಬಂತೋ, ಯಾರಿಗೆ ಗೊತ್ತು? ನಾ ಉಳಿಸೀನಿ ಅಂತ ನಾನಾ ಅನ್ಕೊಂಡು ಕುಂತೀನಿ. ಒಂದು ವೇಳೆ ಹೊಟ್ಟ್ಯಾಗ ಸತ್ತ ಗಂಟು ಬಿಟ್ಟು ಹೊಲಿದಿದ್ರ?"

ಈ ಪ್ರಶ್ನೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಇದಕ್ಕೆ ಉತ್ತರ ಕೊಡಬಲ್ಲವಳು ಒಬ್ಬಳೇ ಒಬ್ಬಳು ಬಂದಳು. ಅವಳು ಚಿಮ್ಮನಚೋಡದ ಹುಡುಗಿ.

ತೊಂಬತ್ತರ ದಶಕದ ನಡುವಿನ ಮಾತು. ತೊಗರಿ ರಾಶಿಯ ದಿನಗಳು. ಹುಡುಗಿ ಹದಿನಾರೋ ಹದಿನೇಳೋ. ತಾಯಿ ಅವಳನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸೇಡಂ ತನಕ ಬಂದಿದ್ದಳು. ಹೊಟ್ಟೆಯ ಮೇಲೆ ಆಗಲೇ ಒಂದು ಹಳೆಯ ಗಾಯದ ಗೆರೆ ಇತ್ತು. ಎರಡು ವರ್ಷದ ಹಿಂದೆ ಹೀಗೆಯೇ ನೋವು ಬಂದು, ದೂರದ ಊರೊಂದರಲ್ಲಿ ಒಂದು ಅಂಡಾಶಯವನ್ನು ತೆಗೆದಿದ್ದರು. ಈಗ ತಿರುಚಿದ್ದು ಉಳಿದಿದ್ದ ಒಂದು. ತೆರೆದಾಗ ಅದು ಇದ್ದಲಿನಂತೆ ಕಪ್ಪಗಿತ್ತು.

ಆ ದಿನ ನಾನು ಗಾಡಿಯ ಮಾತು ಎತ್ತಲಿಲ್ಲ. ಬಾಯಾರು ಯಾವತ್ತಿಗಿಂತ ನಿಧಾನವಾಗಿ ಬಿಚ್ಚಿದರು. ಮಗ್ಗಿ ಮುಗಿಯಿತು, ಮತ್ತೆ ಶುರುವಾಯಿತು, ಮತ್ತೆ ಮುಗಿಯಿತು. ಸಿಸ್ಟರ್ ಬಟ್ಟೆಯನ್ನು ಬದಲಿಸುತ್ತಲೇ ಇದ್ದರು. ಕೆಂಪು ಬಣ್ಣ ಎಲ್ಲೂ ಕಾಣಲಿಲ್ಲ. ಕಪ್ಪು ಸ್ವಲ್ಪ ನೀಲಿಯ ಕಡೆಗೆ ತಿರುಗಿತೋ ಇಲ್ಲವೋ, ಅದೂ ನಮ್ಮ ಆಸೆಗಣ್ಣಿಗೆ ಕಂಡದ್ದೋ ಏನೋ.

"ತೆಗೀತೀರೇನು?" ಎಂದು ನಾನು ಮೆಲ್ಲಗೆ ಕೇಳಿದೆ.

"ತೆಗದ್ರ ಆಕಿಗೆ ಏನು ಉಳೀತದ್ರಿ?" ಎಂದರು. "ಬಿಡ್ತೀನಿ. ಜ್ವರ ಬಂದ್ರ ಮತ್ತ ತೆಗಿಯೂಣು."

ಜ್ವರ ಬರಲಿಲ್ಲ. ಆ ವಾರವೆಲ್ಲ ಬಾಯಾರು ಮನೆಗೆ ಹೋಗದೆ ಹುಡುಗಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಇದ್ದರು ಎಂದು ಸಿಸ್ಟರ್ ಹೇಳಿದರು. ಮನೆಗೆ ಕಳಿಸುವ ದಿನ ನಾನು ಅಲ್ಲಿದ್ದೆ. ತಾಯಿ ಬಾಯಾರ ಕಾಲಿಗೆ ಬಿದ್ದಳು. ಎದ್ದು ನಿಂತು, ಸೆರಗಿನ ತುದಿಯನ್ನು ಕೈಯಲ್ಲಿ ಸುತ್ತುತ್ತ, "ಬಾಯಾರ, ಒಂದು ಮಾತರಿ. ಊರಾಗ ಅಪೆಂಡಿಕ್ಸ್ ಅಂತ ಹೇಳೀವ್ರಿ. ಮಾತುಕತಿ ನಡದದ ಆಕಿದು. ಇದು ತಿಳೀತಂದ್ರ ಯಾರೂ ಮಾಡ್ಕೊಳಂಗಿಲ್ರಿ. ಎಲ್ಲ್ಯಾದ್ರ ಕಂಡ್ರೂ ನಮ್ಮ ಗುರ್ತು ಹಿಡೀಬ್ಯಾಡ್ರಿ. ಆಕಿದು ಏನಾತು ಅಂತ ಯಾರ ಕಡಿಂದನೂ ಕೇಳಸಬ್ಯಾಡ್ರಿ," ಎಂದಳು.

"ಆತವ್ವಾ," ಎಂದರು ಬಾಯಾರು.

ಅವರ ಇಡೀ ವೃತ್ತಿಗೆ ಸಿಗಬಹುದಾಗಿದ್ದ ಒಂದೇ ಒಂದು ಉತ್ತರವನ್ನು ಆ ಒಂದು ಮಾತಿನಲ್ಲಿ ಬಿಟ್ಟುಕೊಟ್ಟರು. ಹುಡುಗಿಗೆ ಮಗುವಾದರೆ ಪಾರಣೆ ನಿಜ. ಆಗದಿದ್ದರೆ ಸುಳ್ಳು. ಆಯಿತೋ ಇಲ್ಲವೋ ಎಂದು ಕೇಳುವ ಹಾಗಿಲ್ಲ.

ನಾನಾಗಿದ್ದರೆ ಯಾವುದೋ ನೆಪದಿಂದ ಕೇಳಿಸುತ್ತಿದ್ದೆ. ಚಿಮ್ಮನಚೋಡದಿಂದ ದಿನಾ ಯಾರಾದರೂ ಬರುತ್ತಿದ್ದರು. ಬಾಯಾರು ಕೇಳಲಿಲ್ಲ. ಆ ಊರಿನವರು ಬಂದಾಗ ಉಳಿದವರಿಗಿಂತ ಕಡಿಮೆ ಮಾತಾಡಿ ಕಳಿಸಿಬಿಡುತ್ತಿದ್ದರು, ಎಲ್ಲಿ ಬಾಯಿ ತಪ್ಪಿ ಕೇಳಿಬಿಡುತ್ತೇನೋ ಎಂಬ ಹೆದರಿಕೆಯಿಂದ. ಕೆಲವು ವರ್ಷದ ನಂತರ ಚಿಂಚೋಳಿಯಲ್ಲಿ ಒಂದು ಆಪರೇಷನ್ ಮುಗಿಸಿ ನಾವಿಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಬಾಯಾರು ಇದ್ದಕ್ಕಿದ್ದ ಹಾಗೆ ಗೋಡೆಯ ಕಡೆ ತಿರುಗಿ, ಅಲ್ಲಿ ಹಚ್ಚಿದ್ದ ಯಾವುದೋ ಹರಿದ ಪೋಸ್ಟರನ್ನು ಓದತೊಡಗಿದರು. ಬಸ್ಸು ಹೊರಟ ಮೇಲೆ ಹೇಳಿದರು: "ಅಲ್ಲಿ ಇದ್ದಳ್ರಿ ಆಕಿ. ಕೊಳ್ಳಾಗ ತಾಳಿ ಇತ್ತು."

"ಕಂಕುಳಾಗ ಕೂಸು?"

"ನೋಡ್ಲಿಲ್ರಿ. ಅಷ್ಟರಾಗ ತಿರುಗಿದೆ."

ಸೇಡಂ ಬರುವ ತನಕ ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಇದರ ನಡುವೆ ನನ್ನ ಹೆಂಡತಿ ತೀರಿಕೊಂಡಳು. ಕಾಯಿಲೆ ದೊಡ್ಡದು, ದಿನಗಳು ಸಣ್ಣವು. ಮಕ್ಕಳು ನಮಗಿರಲಿಲ್ಲ. ಮನೆಯಲ್ಲಿ ಹದಿಮೂರು ದಿನ ಜನವೋ ಜನ. ಕೈ ಹಿಡಿಯುವವರು, ಬೆನ್ನು ತಟ್ಟುವವರು, ಅಳುವವರು, ನನ್ನನ್ನೂ ಅಳಿಸಲೇಬೇಕೆಂದು ಪಣ ತೊಟ್ಟವರು. ಆಮೇಲೆ ಎಲ್ಲರೂ ಒಂದೇ ದಿನ ಹೋದರು. ಗಾಡಿಯ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಕೆಲಸಕ್ಕೆ ಹೋಗುವುದನ್ನು ಬಿಟ್ಟು ಬಾಗಿಲು ಹಾಕಿಕೊಂಡು ಕೂತೆ.

ಬಾಯಾರು ಆ ಹದಿಮೂರು ದಿನಗಳಲ್ಲಿ ಬಂದಿರಲಿಲ್ಲ. ನನಗೆ ಒಳಗೆ ಬೇಜಾರಿತ್ತು. ಎಲ್ಲರೂ ಹೋದ ಮೇಲೆ ಒಂದು ಮಧ್ಯಾಹ್ನ ಬಂದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು, ನೀರು ಕೇಳಿ ಕುಡಿದರು. "ಬರ್ತೀನ್ರಿ," ಎಂದು ಎದ್ದು ಬಂದ ಗಾಡಿಗೇ ಮರಳಿದರು. ಇಷ್ಟಕ್ಕೆ ಸೇಡಂನಿಂದ ಬರಬೇಕಿತ್ತೇ ಎಂದುಕೊಂಡೆ. ಮುಂದಿನ ವಾರ ಮತ್ತೆ ಬಂದರು, ಚಹಾ ಕುಡಿಯುವಷ್ಟು ಹೊತ್ತು ಇದ್ದರು. ಅದರ ಮುಂದಿನ ವಾರ ಒಂದು ಡಬ್ಬಿಯಲ್ಲಿ ಹೆಸರುಬೇಳೆಯ ಅನ್ನ ತಂದರು. ಹುಳಿ ಇಲ್ಲ, ಖಾರ ಇಲ್ಲ. ಇಬ್ಬರೂ ಉಂಡೆವು. ಆ ದಿನ ನಾನು ಮೊದಲ ಸಲ ಹೆಂಡತಿಯ ಹೆಸರೆತ್ತಿ ಮಾತಾಡಿದೆ, ಮಾತಾಡುತ್ತ ಅತ್ತೆ. ಅವರು ನನ್ನ ಕೈ ಹಿಡಿಯಲಿಲ್ಲ, ಬೆನ್ನು ತಟ್ಟಲಿಲ್ಲ. ಎದುರಿಗೆ ಕೂತು ತಮ್ಮ ಅನ್ನವನ್ನು ನಿಧಾನವಾಗಿ ಉಂಡು ಮುಗಿಸಿದರು. ತಟ್ಟೆ ತೊಳೆದಿಟ್ಟು, "ನಾಳೆ ಶಹಾಬಾದದಾಗ ಕೇಸ್ ಅದಂತ್ರಿ. ಬೇಹೋಶ್ ಡಾಕ್ಟ್ರು ಸಿಗವಲ್ರಂತ ಮಂದಿ ಒದ್ದಾಡ್ಲಿಕತ್ತಾರ," ಎಂದು ಹೇಳಿ ಹೋದರು.

ಮರುದಿನ ಚೀಲ ಹಿಡಿದು ಶಹಾಬಾದದ ಗಾಡಿ ಹತ್ತಿದೆ. ಕಿಟಕಿಯಲ್ಲಿ ಕಲ್ಲಿನ ಗಣಿಗಳು ಹಾದು ಹೋಗುತ್ತಿದ್ದಾಗ ಹೊಳೆಯಿತು. ಅವರು ನನಗೆ ಪಾರಣೆ ಮಾಡಿಸಿದ್ದರು.

ಎರಡು ಸಾವಿರದ ಇಸವಿಯ ನಂತರ ಅವರ ಕೈ ನಡುಗತೊಡಗಿತು. ಹೃದಯವೂ ಸರಿ ಇರಲಿಲ್ಲ. ಯಾರೂ ಹೇಳುವ ಮೊದಲೇ ಕತ್ತರಿ ಕೆಳಗಿಟ್ಟು ನರ್ಸಿಂಗ್ ಹೋಮನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ರೋಗಿಗಳೂ ಇಲ್ಲ, ಬಜಾರಿನಲ್ಲಿ ಮಾತಾಡಿಸುವವರಂತೂ ಮೊದಲೇ ಇರಲಿಲ್ಲ. ನಾನು ಸೇಡಂಗೆ ಹೋದಾಗ ಅವರ ಮನೆಗೆ ಹೋಗಿ ಕೂರುತ್ತಿದ್ದೆ. ಚಿಮ್ಮನಚೋಡದ ಮಾತನ್ನು ಅವರು ಎತ್ತುತ್ತಿರಲಿಲ್ಲ. ಒಂದು ಸಲ ಮಾತ್ರ, ಏನೋ ಮಾತಿನ ನಡುವೆ, "ನಾ ಹೋಗೂದ್ರೊಳಗ ಗೊತ್ತಾಗಿದ್ರ ಚೊಲೋ ಇತ್ತು," ಎಂದು ಅಲ್ಲಿಗೇ ನಿಲ್ಲಿಸಿದರು. ಏನು ಎಂದು ನಾನು ಕೇಳಬೇಕಾಗಿರಲಿಲ್ಲ.

ಒಂದು ದಿನ ಚಿತ್ತಾಪುರದಲ್ಲಿ ಒಂದು ಸಿಜೇರಿಯನ್ ಇತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದೆ, ಹೆಂಗಸಿಗೆ ಎಚ್ಚರವಿತ್ತು. ಮಗು ಹೊರಗೆ ಬಂದು ಅತ್ತಿತು. ಸರ್ಜನ್ ಈಚಿನ ಹುಡುಗ. ಗರ್ಭಚೀಲ ಹೊಲಿದು, ಎರಡೂ ಬದಿ ನೋಡುತ್ತ, "ಸರ್, ಈ ಕಡೆ ಅಂಡಾಶಯನೇ ಇಲ್ರಿ. ಯಾರೋ ಹಿಂದ ತೆಗದಾರ. ಆ ಕಡೀದು ಚೊಲೋ ಅದ," ಎಂದ.

ನಾನು ಸ್ಟೂಲಿನಿಂದ ಎದ್ದು ಪರದೆಯ ಮೇಲಿಂದ ಬಗ್ಗಿ ನೋಡಿದೆ. ನೆನೆಸಿದ ಬಾದಾಮಿಯ ಸಿಪ್ಪೆ ಸುಲಿದ ಹಾಗೆ ಅದು ಬೆಳ್ಳಗೆ ಇತ್ತು. ನಾನು ಮತ್ತೆ ಕೂತೆ.

ಹೆಂಗಸು ತಲೆ ಹೊರಳಿಸಿ ನನ್ನನ್ನೇ ನೋಡುತ್ತಿದ್ದಳು. "ನೀವು ವಾಡಿ ಡಾಕ್ಟ್ರಲ್ಲೇನ್ರಿ?" ಎಂದಳು ಮೆಲ್ಲಗೆ. "ನನ್ನ ಗುರ್ತು ಹತ್ತಿಲ್ಲೇನ್ರಿ?"

ಬಾಯಾರು ಕೊಟ್ಟ ಮಾತು ನೆನಪಾಯಿತು. "ಇಲ್ಲವ್ವಾ," ಎಂದೆ.

"ಚಿಮ್ಮನಚೋಡದಾಕಿರಿ. ಸೇಡಂನಾಗ ಆ ಬಾಯಾರು ಆಪ್ರೇಶನ್ ಮಾಡಿದ್ರಲ್ರಿ, ನೀವೂ ಇದ್ರಿ. ಚಿಂಚೋಳಿ ಬಸ್ ಸ್ಟ್ಯಾಂಡಿನ್ಯಾಗ ಅವ್ರಿಗೆ ನೋಡಿದ್ನಿರಿ ಒಮ್ಮೆ. ಮಾತಾಡಸ್ಬೇಕಂತ ಓಡಿ ಹೋದ್ರ ಮಾರಿ ತಿರುವಿದ್ರು. ಮರ್ತಾರ ಅನ್ಕೊಂಡೆ."

"ಮರ್ತಿಲ್ಲವ್ವಾ. ಗುರ್ತು ಹಿಡೀಬ್ಯಾಡ್ರಿ ಅಂದಿದ್ರಲ್ಲ."

ಅವಳ ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆ ಇಳಿಯಿತು. "ಅವ್ವ ಅಂದಿದ್ದಳ್ರಿ," ಎಂದಳು. "ನಾ ಎಲ್ಲಿ ಅಂದಿದ್ದೆ?"

ಆಮೇಲೆ ಅವಳು ಇನ್ನೊಂದು ಮಾತು ಕೇಳಿದಳು. ಅದನ್ನು ಬಾಯಾರಿಗೆ ಮುಟ್ಟಿಸಲು ನಾನು ಅದೇ ಸಂಜೆಯ ಪ್ಯಾಸೆಂಜರಿಗೆ ಸೇಡಂಗೆ ಹೋದೆ.

ಆ ದಿನ ಏಕಾದಶಿ. ಉಪವಾಸ ಬೇಡವೆಂದು ಡಾಕ್ಟರೂ ತಮ್ಮನ ಮಕ್ಕಳೂ ಹೇಳಿ ಸೋತಿದ್ದರು. ಬಾಯಾರು ಒಳಕೋಣೆಯ ಗೋಡೆಗೆ ಒರಗಿ ಫರ್ಸಿಯ ಮೇಲೆ ಕೂತಿದ್ದರು, ತುಟಿ ಒಣಗಿತ್ತು. ನನ್ನನ್ನು ನೋಡಿ, "ಬರ್ರಿ, ಕುಂದ್ರಿ. ಏನೋ ಸುದ್ದಿ ಅದ. ಮಾರಿ ಮ್ಯಾಲ ಕಾಣಸ್ತದ," ಎಂದರು.

"ಅದ್ರಿ. ಸಾವಕಾಶ ಹೇಳ್ತೀನಿ."

"ಯಾಕ?"

"ನೀವಾ ಕಲಿಸಿದ್ದು," ಎಂದೆ. ಅವರ ಹೃದಯದ ಬಗ್ಗೆ ನನಗೆ ನಿಜವಾಗಿ ಹೆದರಿಕೆ ಇತ್ತು. "ಚಿತ್ತಾ‌ಪುರದಾಗ ಇವತ್ತು ಒಂದು ಸಿಜೇರಿಯನ್ ಆತ್ರಿ. ಆ ಹೆಣ್ಣುಮಗಳಿಗೆ ಒಂದು ಕಡೆ ಅಂಡಾಶಯ ಇದ್ದಿಲ್ಲ."

ಬಾಯಾರು ತಟ್ಟನೆ ಅಂಗೈ ಎತ್ತಿ ತಡೆದರು. ಕಣ್ಣು ಮುಚ್ಚಿದರು. ತುಟಿ ಅಲ್ಲಾಡತೊಡಗಿತು. ನಾನು ಕಾದೆ. ಮಗ್ಗಿ ಮುಗಿದ ಮೇಲೆ ಕಣ್ಣು ತೆರೆಯದೆಯೇ, "ಹೂಂ. ಮುಂದ," ಎಂದರು.

"ಇನ್ನೊಂದು ಕಡೀದು ನಾನಾ ಎದ್ದು ನೋಡಿದೆ. ಬೆಳ್ಳಗದ."

ಮತ್ತೆ ಅಂಗೈ. ಮತ್ತೆ ಮಗ್ಗಿ.

"ಮುಂದ."

"ಚಿಮ್ಮನಚೋಡದಾಕಿ."

ಅದಕ್ಕೆ ಮಗ್ಗಿ ಎರಡು ಸಲ ಆಯಿತು. ಹೊರಗೆ ಓಣಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಕೊನೆಗೆ, "ಕೂಸು?" ಎಂದು ಕೇಳಿದರು. ದನಿ ರೋಗಿಯನ್ನು ವಿಚಾರಿಸುವ ಡಾಕ್ಟರರದೇ ಆಗಿತ್ತು.

"ಹೆಣ್ಣು. ಹುಟ್ಟಿದ ಕೂಡ್ಲೆ ಚೊಲೋ ಅತ್ತದ. ತಾಯೀನೂ ಆರಾಮ ಇದ್ದಾಳ."

ಅವರು ತಲೆ ಅಲ್ಲಾಡಿಸಿದರು. ಮುಖದಲ್ಲಿ ಎಷ್ಟೋ ವರ್ಷದ ಬಿಗಿ ಸಡಿಲವಾದದ್ದು ನನಗೆ ಕಂಡಿತು. ಅವರು ಇಷ್ಟಕ್ಕೇ ಸುದ್ದಿ ಮುಗಿಯಿತೆಂದು ತಿಳಿದು, "ಸಾಕ್ರಿ. ಇಷ್ಟು ಸಾಕು ನನಗ," ಎಂದರು.

"ಇನ್ನೊಂದು ಅದರಿ," ಎಂದೆ.

"ಇನ್ನೇನದ?"

"ಆಕಿ ಕೇಳಿದ್ಲು. ಬಾಯಾರು ಹ್ಯಾಂಗಿದ್ದಾರ, ಇನ್ನಾ ಒಬ್ರೇ ಇರ್ತಾರೇನು ಅಂತ."

ಈ ಸಲ ಬಾಯಾರು ಅಂಗೈ ಎತ್ತಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮಗ್ಗಿಯನ್ನು ನನಗೆ ಕೇಳುವ ಹಾಗೆ ಹೇಳತೊಡಗಿದರು. "ಹದಿನೇಳೊಂದ್ಲೆ ಹದಿನೇಳು. ಹದಿನೇಳೆರಡ್ಲೆ ಮೂವತ್ನಾಲ್ಕು. ಹದಿನೇಳ ಮೂರ್ಲೆ..." ಅಲ್ಲಿಗೆ ನಿಂತಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಅಲ್ಲಿಯೇ ನಿಂತಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಕಡೆ ನೋಡಿದರು.

"ಐವತ್ತೊಂದು," ಎಂದೆ.

"ಐವತ್ತೊಂದು," ಎಂದರು ಅವರು. ಅಲ್ಲಿಂದ ಮುಂದಿನದನ್ನು ಇಬ್ಬರೂ ಕೂಡಿಯೇ ಹೇಳಿ ಮುಗಿಸಿದೆವು.